ಅದೋಬೊ: ಹೆಸರು ಪರರದು, ಅಡುಗೆ ಮನೆಯದು

ಫಿಲಿಪೀನ್ಸ್ ಏಳು ಸಾವಿರಕ್ಕೂ ಮಿಕ್ಕಿದ ದ್ವೀಪಗಳ ದೇಶ. ಅಲ್ಲಿ ಆಡುವ ಭಾಷೆಗಳು ನೂರಕ್ಕೂ ಹೆಚ್ಚು. ಉತ್ತರದಲ್ಲಿ ಇಲೊಕಾನೊ ಮಾತನಾಡುವವನಿಗೆ ನಡುವಣ ದ್ವೀಪಗಳ ಸೆಬುವಾನೊ ತಿಳಿಯದು. ಆದರೆ ಅದೋಬೊ ಎಂದರೆ ಇಬ್ಬರಿಗೂ ಅರ್ಥವಾಗುತ್ತದೆ, ಇಬ್ಬರ ಬಾಯಲ್ಲೂ ನೀರೂರುತ್ತದೆ. ಕೊಬ್ಬಿರುವ ಹಂದಿಮಾಂಸದ ತುಂಡುಗಳನ್ನು ವಿನೆಗರ್, ಬೆಳ್ಳುಳ್ಳಿ, ಕಾಳುಮೆಣಸು, ಉಪ್ಪು ಅಥವಾ ಸೋಯಾ ಸಾಸ್ ಸೇರಿಸಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಬೇಯಿಸಿ, ಬಿಸಿ ಅನ್ನದೊಡನೆ ಉಣ್ಣುವ ಗಟ್ಟಿಯಾದ ಪದಾರ್ಥ ಇದು. ಕೋಳಿಯ ಅದೋಬೊ ಉಂಟು, ಸೊಪ್ಪಿನ ಅದೋಬೊ ಸಹ ಉಂಟು. ಆದರೂ ಮನೆಮನೆಯಲ್ಲಿ ಹೆಸರಾದದ್ದು ಹಂದಿಯದೇ. ಯಾವ ಕಾನೂನೂ ಘೋಷಿಸದಿದ್ದರೂ ಜನ ಇದನ್ನೇ ತಮ್ಮ ರಾಷ್ಟ್ರೀಯ ಅಡುಗೆಯೆಂದು ಭಾವಿಸಿದ್ದಾರೆ.

ನಮ್ಮ ಪತ್ರಿಕೆಯ ವಾಚಕರಲ್ಲಿ ಹಂದಿಮಾಂಸ ಮುಟ್ಟದವರೇ ಹೆಚ್ಚೆಂಬುದನ್ನು ಬಲ್ಲೆ. ಅಂಥವರು ಪುಟ ತಿರುವಿಬಿಡಬಾರದೆಂದು ವಿನಂತಿ. ಇಲ್ಲಿ ನಾವು ಪರೀಕ್ಷಿಸಲು ಹೊರಟಿರುವುದು ಮಾಂಸಕ್ಕಿಂತ ಹೆಚ್ಚಾಗಿ ಅದರ ಹೆಸರನ್ನು. ಅದೋಬೊ ಎಂಬುದು ಸ್ಪ್ಯಾನಿಷ್ ಶಬ್ದ. 1565ರಿಂದ 1898ರವರೆಗೆ ಆ ದ್ವೀಪಗಳನ್ನು ಆಳಿದವರ ಮಾತು. ಹಾಗಾದರೆ ಈ ಅಡುಗೆಯೂ ಆಳಿದವರು ಕೊಟ್ಟು ಹೋದದ್ದೆ? ಹೆಸರು ಯಾರದೋ ಪದಾರ್ಥವೂ ಅವರದೇ ಎಂದು ಒಪ್ಪಿಕೊಳ್ಳಬೇಕೆ? ಊರು ಬಿಟ್ಟು ಬಂದು ಪರಭಾಷೆಯ ನಡುವೆ ಒಲೆ ಹೂಡಿರುವ ನಮ್ಮಂಥವರಿಗೂ ಈ ಪ್ರಶ್ನೆ ಸಂಬಂಧಿಸಿದ್ದೇ. ಅದನ್ನು ಕೊನೆಯಲ್ಲಿ ನೋಡೋಣ.

ಸ್ಪೇನಿನವರು ಬರುವ ಮೊದಲು

1521ರ ಮಾರ್ಚ್ ತಿಂಗಳಲ್ಲಿ ಮೆಗೆಲ್ಲನ್ ಎಂಬ ನಾವಿಕ ಸ್ಪೇನ್ ದೊರೆಯ ಪರವಾಗಿ ಶಾಂತಸಾಗರವನ್ನು ದಾಟಿ ಈ ದ್ವೀಪಗಳನ್ನು ಮುಟ್ಟಿದ. ಅವನ ಹಡಗಿನಲ್ಲಿ ಅಂತೋನಿಯೊ ಪಿಗಫೆಟ್ಟಾ ಎಂಬ ಇಟಲಿಯವನಿದ್ದ. ಕಂಡದ್ದನ್ನೆಲ್ಲ ಬರೆದಿಡುವುದು ಇವನ ಅಭ್ಯಾಸ. ಮುಂದಿನ ತಿಂಗಳು ಮಕ್ತಾನ್ ದ್ವೀಪದ ಕಾಳಗದಲ್ಲಿ ಮೆಗೆಲ್ಲನ್ ಸತ್ತ. ಪಿಗಫೆಟ್ಟಾ ಬದುಕಿ ಊರು ಸೇರಿದ. ನಮಗೆ ಬೇಕಾದ ಮೊದಲ ಸಾಕ್ಷಿ ಇವನದೇ.

ತೆಂಗಿನಮರವನ್ನು ಕಂಡು ಪಿಗಫೆಟ್ಟಾ ಬೆರಗಾದ. ಈ ಒಂದೇ ಮರದಿಂದ ಜನ ಹೆಂಡವನ್ನೂ ಎಣ್ಣೆಯನ್ನೂ ವಿನೆಗರನ್ನೂ ಪಡೆಯುತ್ತಾರೆಂದು ವಿವರವಾಗಿ ಬರೆದ. ಎಳನೀರನ್ನು ಹುಳಿಯಲು ಬಿಟ್ಟು ಬಿಸಿಲಿಗಿಟ್ಟರೆ ಬಿಳಿ ದ್ರಾಕ್ಷಾರಸದ ವಿನೆಗರಿನಂಥದೇ ಹುಳಿರಸ ಆಗುತ್ತದೆಂದ. ಆ ದ್ವೀಪಗಳಲ್ಲಿ ಸ್ಪೇನಿನವರ ಒಂದು ಒಲೆಯೂ ಹೊತ್ತಿಲ್ಲದ ಕಾಲದ ಮಾತು ಇದು.

ಮುಂದೆ ಅವನು ಮಜಾವಾ ಎಂದು ಕರೆದ ದ್ವೀಪದಲ್ಲಿ ಅಲ್ಲಿನ ಅರಸನ ಅತಿಥಿಯಾದ. ಅಂದು ಶುಭ ಶುಕ್ರವಾರ, ಕ್ರೈಸ್ತರು ಮಾಂಸ ಬಿಡುವ ದಿನ. ಅರಸ ಹಂದಿಮಾಂಸದ ತಟ್ಟೆಯನ್ನೂ ಹೆಂಡದ ಜಾಡಿಯನ್ನೂ ಮುಂದಿಟ್ಟ. ಒಲ್ಲೆನೆನ್ನುವಂತಿರಲಿಲ್ಲ, ತಿಂದೆನೆಂದು ಪಿಗಫೆಟ್ಟಾ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ರಾತ್ರಿಯ ಊಟಕ್ಕೆ ಎರಡು ದೊಡ್ಡ ಪಿಂಗಾಣಿ ಪಾತ್ರೆಗಳು ಬಂದವು: ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ರಸದೊಡನೆ ಹಂದಿಮಾಂಸ. ಆ ರಸ ಹುಳಿಯಾಗಿತ್ತೆ ಎಂಬುದನ್ನು ಅವನು ಹೇಳಲಿಲ್ಲ. ಆದರೆ ಅನ್ನ, ಹಂದಿ, ರಸ, ಮನೆಯಲ್ಲೇ ಆದ ವಿನೆಗರ್ ಇವೆಲ್ಲ ಅಲ್ಲಿದ್ದವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಪಿಂಗಾಣಿ ಪಾತ್ರೆಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತವೆ. ಚೀನದ ವ್ಯಾಪಾರಿಗಳು ಸ್ಪೇನಿನವರಿಗಿಂತ ಎಷ್ಟೋ ಮೊದಲೇ ಅಲ್ಲಿಗೆ ಬಂದು ಹೋಗುತ್ತಿದ್ದರು.

ಆ ಅರಸನನ್ನು ಪಿಗಫೆಟ್ಟಾ ಕರೆದದ್ದು ರಾಜಾ ಕೊಲಂಬು ಎಂದು. ರಾಜಾ ಎಂಬ ನಮ್ಮ ಮಾತು ಅಲ್ಲಿಗೆ ಹೋದದ್ದು ಹೇಗೆ? 1989ರಲ್ಲಿ ಮನಿಲದ ಬಳಿಯ ಲಗೂನಾ ಪ್ರಾಂತದಲ್ಲಿ ಒಂದು ತಾಮ್ರದ ಹಲಗೆ ಸಿಕ್ಕಿತು. ಅದರ ಮೇಲಿನ ಕಾಲ ಶಕ ವರ್ಷ 822, ಎಂದರೆ ಕ್ರಿ.ಶ. 900. ಭಾಷೆ ಹಳೆಯ ಮಲಯ, ನಡುನಡುವೆ ಸಂಸ್ಕೃತ ಪದಗಳು. ಲಿಪಿ ಜಾವಾದ ಕವಿ ಲಿಪಿ. ಅದು ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಹುಟ್ಟಿದ್ದು, ಆದ್ದರಿಂದ ನಮ್ಮ ಕನ್ನಡ ಲಿಪಿಗೆ ದೂರದ ದಾಯಾದಿ. ಆ ಶಾಸನದ ವಿಷಯವೇನೆಂದರೆ ಒಬ್ಬನ ಸಾಲ ತೀರಿತೆಂಬ ಘೋಷಣೆ! ಆ ದೇಶದಲ್ಲಿ ದೊರೆತಿರುವ, ಕಾಲ ನಮೂದಾದ ಅತ್ಯಂತ ಹಳೆಯ ಬರಹ ಒಂದು ರಸೀದಿ ಎಂಬುದು ನಮ್ಮಂಥ ಗುಮಾಸ್ತರಿಗೆ ಹೆಮ್ಮೆಯ ಸಂಗತಿ.

ಈ ಸಂಪರ್ಕದ ಒಂದು ತೊಟ್ಟು ಅದೋಬೊ ಪಾತ್ರೆಯೊಳಗೂ ಬಿದ್ದಿದೆ. ತಗಾಲೋಗ್ ಭಾಷೆಯಲ್ಲಿ ವಿನೆಗರಿಗೆ ಸೂಕಾ ಎನ್ನುತ್ತಾರೆ. ಮಲಯದ ಚೂಕಾ ಎಂಬುದೇ ಅಲ್ಲಿ ಸೂಕಾ ಆಯಿತೆಂದೂ, ಅದರ ಮೂಲ ಸಂಸ್ಕೃತದ ಚುಕ್ರ ಎಂದೂ ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಚುಕ್ರ ಎಂದರೆ ಹುಳಿ. ಹೈದರಾಬಾದಿನ ನಮ್ಮ ಬಂಧುಗಳು ಸಂತೆಯಿಂದ ತರುವ ಹುಳಿಸೊಪ್ಪಿಗೆ ಚುಕ್ಕಕೂರ ಎಂಬ ಹೆಸರಿದೆಯಲ್ಲ, ಅದೂ ಇದೇ ಮನೆತನದ ಪದ.

ಹೆಸರು ಅಂಟಿದ ಬಗೆ

1565ರಲ್ಲಿ ಲೆಗಾಸ್ಪಿ ಎಂಬ ಸೇನಾನಿ ಸೆಬು ದ್ವೀಪದಲ್ಲಿ ನೆಲೆಯೂರಿದ. 1571ರಲ್ಲಿ ಮನಿಲ ಸ್ಪೇನಿನ ರಾಜಧಾನಿಯಾಯಿತು. ಸೈನಿಕರ ಹಿಂದೆಯೇ ಪಾದ್ರಿಗಳು ಬಂದರು. ಮತಪ್ರಚಾರಕ್ಕೆ ಜನರ ಭಾಷೆ ಬೇಕು, ಭಾಷೆಗೆ ನಿಘಂಟು ಬೇಕು. ನಮ್ಮ ಮಂಗಳೂರಿನಲ್ಲಿ ಕಿಟ್ಟೆಲ್ ಸಾಹೇಬರು ಕನ್ನಡಕ್ಕೆ ಮಾಡಿದ ಕೆಲಸವನ್ನು ಅಲ್ಲಿ ತಗಾಲೋಗಿಗೆ ಬಹಳ ಹಿಂದೆಯೇ ಹಲವರು ಮಾಡಿದರು. ಅವರಲ್ಲಿ ಒಬ್ಬ ಪೇದ್ರೊ ದೆ ಸಾನ್ ಬುಯೆನವೆಂತುರಾ ಎಂಬ ಫ್ರಾನ್ಸಿಸ್ಕನ್ ಪಾದ್ರಿ. ಅವನ ತಗಾಲೋಗ್ ನಿಘಂಟು 1613ರಲ್ಲಿ ಲಗೂನಾದ ಪೀಲಾ ಎಂಬ ಊರಿನಲ್ಲಿ ಅಚ್ಚಾಯಿತು. ಅಚ್ಚು ಹಾಕಿದವರಲ್ಲಿ ತೊಮಾಸ್ ಪಿನ್‌ಪಿನ್ ಎಂಬ ಫಿಲಿಪಿನೊ ಮುದ್ರಕನಿದ್ದ.

ಈ ನಿಘಂಟಿನಲ್ಲಿ ಕಿಲವಿನ್ ಎಂಬ ಪದಕ್ಕೆ ಪಾದ್ರಿ ಕೊಟ್ಟ ಅರ್ಥ, ಸ್ಥಳೀಯರ ಅದೋಬೊ. ಇಲ್ಲಿ ನಡೆದದ್ದೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸ್ಪೇನಿನಲ್ಲಿ ಅದೋಬೊ ಎಂದರೆ ಒಂದು ಪದಾರ್ಥವಲ್ಲ. ಮಾಂಸ ಕೆಡದಿರಲೆಂದು ಅದನ್ನು ವಿನೆಗರ್, ಬೆಳ್ಳುಳ್ಳಿ, ಉಪ್ಪು, ಸೊಪ್ಪುಸದೆಗಳಲ್ಲಿ ನೆನೆಸಿಡುವ ಕ್ರಿಯೆ. ಹಾಗೆ ನೆನೆಸುವ ಮಸಾಲೆ. ಅದರಲ್ಲಿ ಕೆಂಪು ಮೆಣಸಿನಕಾಯಿ ಪುಡಿಯೂ ಸೇರುವ ವಾಡಿಕೆ ಬಂತು. ಆ ಕಾಯಿ ಅಮೆರಿಕ ಖಂಡದಿಂದ ಬಂದದ್ದು. ಮನಿಲಕ್ಕೆ ಬಂದ ಪಾದ್ರಿ ಜನ ಮಾಂಸವನ್ನು ಹುಳಿಯಲ್ಲಿ ಹಾಕುವುದನ್ನು ಕಂಡ. ತನ್ನ ದೇಶದ ಅದೋಬೊ ನೆನಪಾಯಿತು. ಇದು ಇವರ ಅದೋಬೊ ಎಂದು ಬರೆದುಕೊಂಡ. ಅವನು ಯಾರಿಗೂ ಅಡುಗೆ ಕಲಿಸಲಿಲ್ಲ. ಕಂಡದ್ದಕ್ಕೆ ತನಗೆ ತಿಳಿದ ಚೀಟಿಯನ್ನು ಅಂಟಿಸಿದ, ಅಷ್ಟೇ.

ಆದರೆ ಚೀಟಿ ಅಂಟಿಸಿದವನ ಕೈಯಲ್ಲಿ ಅಧಿಕಾರವಿತ್ತು. ಮುಂದಿನ ತಲೆಮಾರುಗಳಲ್ಲಿ ವಿನೆಗರಿನಲ್ಲಿ ಬೇಯಿಸಿದ ಮಾಂಸಕ್ಕೆ ಅದೋಬೊ ಎಂಬ ಹೆಸರೇ ನಿಂತಿತು. ಕಿಲವಿನ್ ಎಂಬ ಪದ ಬದುಕಿದೆಯಾದರೂ ಇಂದು ಅದು ಹೆಚ್ಚಾಗಿ ಹಸಿ ಮೀನನ್ನು ಹುಳಿಯಲ್ಲಿ ನೆನೆಸಿದ ಖಾದ್ಯಕ್ಕೆ ಸಲ್ಲುತ್ತದೆ. ವಿನೆಗರಿನಲ್ಲಿ ಬೇಯಿಸುವ ಇನ್ನೊಂದು ಬಗೆಗೆ ಪಕ್ಸಿವ್ ಎಂಬ ದೇಶೀಯ ಹೆಸರು ಈಗಲೂ ಉಳಿದಿದೆ. ಹಂದಿಮಾಂಸದ ಈ ಹುಳಿಗೆ ಮಾತ್ರ ಅಜ್ಜಿಯರು ಇಟ್ಟಿದ್ದ ಹೆಸರು ಬಾಯಿಂದ ಬಿದ್ದುಹೋಯಿತು.

ಕಂದು ಬಣ್ಣ ಬಂದದ್ದು

ಇಂದು ಮನಿಲದಲ್ಲಿ ಸಿಗುವ ಅದೋಬೊ ಕಂದು ಬಣ್ಣದ್ದು. ಆ ಬಣ್ಣ ಸೋಯಾ ಸಾಸಿನಿಂದ ಬಂದದ್ದು. ಅಲ್ಲಿ ಅದಕ್ಕೆ ತೊಯೊ ಎನ್ನುತ್ತಾರೆ. ಈ ಹೆಸರು ಚೀನದ ಫೂಜಿಯನ್ ಪ್ರಾಂತದವರು ಆಡುವ ಹೊಕ್ಕಿಯನ್ ಮಾತಿನಿಂದ ಬಂದಿದೆ. ಸೋಯಾ ಹಾಕದೆ ಬರಿಯ ಉಪ್ಪು ಹಾಕಿ ಮಾಡುವುದೂ ಉಂಟು. ಅದನ್ನು ಅದೋಬೊಂಗ್ ಪುತಿ, ಎಂದರೆ ಬಿಳಿ ಅದೋಬೊ, ಎಂದು ಕರೆಯುತ್ತಾರೆ. ಹಳೆಯ ಬಗೆ ಇದೇ ಎಂಬುದು ಅಲ್ಲಿನವರ ಅಭಿಪ್ರಾಯ.

ಫೂಜಿಯನ್ನಿನ ಚೀನೀಯರು ಮನಿಲದಲ್ಲಿ ವ್ಯಾಪಾರಿಗಳಾಗಿ, ಬಡಗಿ, ಚಮ್ಮಾರ, ಅಡುಗೆಯವರಾಗಿ ನೆಲೆಸಿದ್ದರು. ಸ್ಪೇನಿನವರು ತಮ್ಮ ಕೋಟೆಯ ಹೊರಗೆ ಪರಿಯಾನ್ ಎಂಬ ಕೇರಿಯನ್ನು ಅವರಿಗೆ ಗೊತ್ತುಮಾಡಿದರು. ಅವರು ಬೇಕು, ಆದರೆ ಅವರ ಸಂಖ್ಯೆಯ ಭಯವೂ ಉಂಟು. 1603ರಲ್ಲಿ ಈ ಭಯ ಸ್ಫೋಟಗೊಂಡು ದಂಗೆಯಾಯಿತು. ಸಾವಿರಾರು ಚೀನೀಯರ ಕಗ್ಗೊಲೆಯಾಯಿತು. ಅದಕ್ಕೆ ಸ್ವಲ್ಪ ಮೊದಲಿನವರೆಗೆ ಮನಿಲದಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಅಂತೋನಿಯೊ ದೆ ಮೋರ್ಗಾ 1609ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಮುಂದಿನ ಸ್ಥಿತಿಯನ್ನು ಹೇಳಿದ್ದಾನೆ. ಕಾಳಗ ಮುಗಿಯಿತು, ನಗರದ ಕಷ್ಟ ಆರಂಭವಾಯಿತು. ಎಷ್ಟು ದುಡ್ಡು ಕೊಟ್ಟರೂ ತಿನ್ನಲು ಆಹಾರವಿಲ್ಲ, ಮೆಟ್ಟಲು ಚಪ್ಪಲಿಯಿಲ್ಲ. ಆ ಕೆಲಸಗಳನ್ನೆಲ್ಲ ಮಾಡುತ್ತಿದ್ದವರು ಸತ್ತುಹೋಗಿದ್ದರು. ಕೆಲವೇ ವರ್ಷಗಳಲ್ಲಿ ಚೀನೀಯರು ಮತ್ತೆ ಬಂದರು. ನಗರ ಅವರನ್ನು ಮತ್ತೆ ಬರಮಾಡಿಕೊಂಡಿತು. ಹೊರಗಿನಿಂದ ಬಂದು ದುಡಿಯುವವರ ಬೆಲೆ ಅವರಿಲ್ಲದಾಗ ತಿಳಿಯುತ್ತದೆಂಬ ಮಾತಿಗೆ ಇಷ್ಟು ಕ್ರೂರವಾದ ನಿದರ್ಶನ ವಿರಳ. ಇಂದಿನ ಅದೋಬೊದ ಕಂದು ಬಣ್ಣದ ಹಿಂದೆ ಈ ಜನರ ಬಾಳೂ ಇದೆ.

ಇದೇ ಮೋರ್ಗಾ ಇನ್ನೊಂದು ಮಾತನ್ನೂ ಬರೆದ. ಈ ದೇಶದವರು ಮೀನನ್ನು ಕೊಳೆತು ನಾರಲು ತೊಡಗಿದ ಮೇಲೆ ತಿನ್ನಲು ಇಷ್ಟಪಡುತ್ತಾರೆಂದ. ಎರಡೂಮುಕ್ಕಾಲು ಶತಮಾನದ ನಂತರ ಹೊಸೆ ರಿಸಾಲ್ ಎಂಬ ಫಿಲಿಪಿನೊ ವೈದ್ಯ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕುಳಿತು ಆ ಗ್ರಂಥವನ್ನು ಕೈಯಿಂದ ನಕಲು ಮಾಡಿಕೊಂಡು, ಟಿಪ್ಪಣಿಗಳೊಡನೆ ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದ. ಮೀನಿನ ಮಾತಿಗೆ ಅವನ ಉತ್ತರ ಖಡಕ್ಕಾಗಿದೆ. ಅದು ಕೊಳೆತ ಮೀನಲ್ಲ, ಉಪ್ಪುಹಾಕಿ ಹದಗೊಳಿಸಿದ ಬಗೊಂಗ್. ತಮಗೆ ರೂಢಿಯಿಲ್ಲದ ಊಟವನ್ನು ಅಸಹ್ಯವೆನ್ನುವುದು ಎಲ್ಲ ಜನಾಂಗಗಳ ದೋಷ ಎಂಬುದು ಅದರ ಸಾರಾಂಶ. ಈ ರಿಸಾಲನನ್ನು 1896ರ ಡಿಸೆಂಬರ್ 30ರಂದು ಸ್ಪೇನ್ ಸರ್ಕಾರ ಗುಂಡಿಕ್ಕಿ ಕೊಂದಿತು. ದೇಶದ ಮಾನವನ್ನು ಎತ್ತಿಹಿಡಿಯಲು ಹೊರಟ ಆ ಮನುಷ್ಯನಿಗೆ ಅಡುಗೆಮನೆಯ ಮಾನವೂ ಅದರಲ್ಲಿ ಸೇರಿತ್ತು. ಒಣಮೀನು ಹುರಿದ ದಿನ ಪಕ್ಕದ ಫ್ಲ್ಯಾಟಿನವರ ಮುಖವನ್ನು ಕಂಡಿರುವ ನಮ್ಮ ಕರಾವಳಿಯ ಗೃಹಿಣಿಯರಿಗೆ ರಿಸಾಲನ ಟಿಪ್ಪಣಿ ಚೆನ್ನಾಗಿ ಅರ್ಥವಾದೀತು.

ಹುಳಿಯ ಹಿಂದೆ ಕಳ್ಳು, ಕಳ್ಳಿನ ಹಿಂದೆ ಸರ್ಕಾರ

ಅದೋಬೊದ ಜೀವಾಳ ವಿನೆಗರ್. ಇಲ್ಲಿ ದೆಹಲಿಯ ಅಂಗಡಿಯಲ್ಲಿ ಸಿರ್ಕಾ ಎಂದು ಕೇಳಿದರೆ ಹೆಚ್ಚಾಗಿ ಕೊಡುವುದು ಬಣ್ಣವಿಲ್ಲದ ಒಂದೇ ಬಗೆಯ ನೀರು. ಫಿಲಿಪೀನ್ಸಿನಲ್ಲಿ ಹಾಗಲ್ಲ. ತೆಂಗಿನ ಕಳ್ಳಿನ ವಿನೆಗರ್ ಒಂದು. ಜೌಗುನೆಲದ ನೀಪಾ ತಾಳೆಯ ವಿನೆಗರ್ ಇನ್ನೊಂದು, ಬುಲಕಾನ್ ಪ್ರಾಂತದ ಪವೊಂಬೊಂಗ್ ಊರು ಅದಕ್ಕೆ ಹೆಸರುವಾಸಿ. ಉತ್ತರದ ಇಲೊಕೊಸ್ ಸೀಮೆಯಲ್ಲಿ ಕಬ್ಬಿನ ರಸದ ಕಪ್ಪನೆಯ ವಿನೆಗರ್. ವಿಧಾನ ಎಲ್ಲಕ್ಕೂ ಒಂದೇ. ಸಿಹಿರಸದಲ್ಲಿ ಯೀಸ್ಟ್ ಸೇರಿ ಸಕ್ಕರೆ ಮದ್ಯವಾಗುತ್ತದೆ. ಗಾಳಿಯಾಡುವಂತೆ ಬಿಟ್ಟರೆ ಬೇರೊಂದು ಬಗೆಯ ಬ್ಯಾಕ್ಟೀರಿಯ ಆ ಮದ್ಯವನ್ನು ಅಸಿಟಿಕ್ ಆಮ್ಲವಾಗಿಸುತ್ತದೆ. ಬೆಳಗಿನ ಸಿಹಿಕಳ್ಳು ಕೆಲವು ದಿನಗಳಲ್ಲಿ ಬಾಯಿಗಿಡಲಾಗದಷ್ಟು ಹುಳಿಯಾಗುವುದು ಇದರಿಂದಲೇ.

ಮದ್ಯವಿದ್ದಲ್ಲಿ ಅಬಕಾರಿ ಇರಲೇಬೇಕು. ಇಲೊಕೊಸಿನಲ್ಲಿ ಕಬ್ಬಿನ ರಸದಿಂದ ಮನೆಮನೆಯಲ್ಲೂ ಬಸಿ ಎಂಬ ಮದ್ಯ ಮಾಡುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಗೆ ಸ್ಪೇನ್ ಸರ್ಕಾರ ಅದನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ತಾನು ಬೆಳೆದ ಕಬ್ಬಿನ ರಸವನ್ನು ರೈತ ಸರ್ಕಾರಿ ಅಂಗಡಿಯಿಂದ ಕೊಂಡು ಕುಡಿಯಬೇಕಾಯಿತು. 1807ರ ಸೆಪ್ಟೆಂಬರಿನಲ್ಲಿ ಪಿದ್ದಿಗ್ ಎಂಬ ಊರಿನಲ್ಲಿ ಜನ ದಂಗೆಯೆದ್ದರು. ದಂಗೆಯನ್ನು ಅಡಗಿಸಿ ಹಲವರನ್ನು ಕೊಲ್ಲಲಾಯಿತು. 1821ರಲ್ಲಿ ಎಸ್ತೆಬಾನ್ ವಿಲ್ಯನುಯೆವಾ ಎಂಬ ಚಿತ್ರಕಾರ ಈ ದಂಗೆಯನ್ನು 14 ಚಿತ್ರಗಳಲ್ಲಿ ಬರೆದ. ಅವು ಈಗಲೂ ಉಳಿದಿವೆ. ನಮ್ಮ ದೇಶದ ಉಪ್ಪಿನ ಸತ್ಯಾಗ್ರಹವನ್ನು ಬಲ್ಲ ನಾವು, ಅಡುಗೆಮನೆಗೆ ಕೈಹಾಕಿದ ಸರ್ಕಾರಕ್ಕೆ ಜನ ತಿರುಗಿಬಿದ್ದದ್ದರಲ್ಲಿ ಆಶ್ಚರ್ಯಪಡಬೇಕಿಲ್ಲ.

ಕಳ್ಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿ ವಲಸೆಯವರಾದ ನಮಗೆ ಹೆಚ್ಚು ಹತ್ತಿರದ್ದು. 1565ರಿಂದ 1815ರವರೆಗೆ ಮನಿಲ ಮತ್ತು ಮೆಕ್ಸಿಕೊದ ಅಕಪುಲ್ಕೊ ರೇವುಗಳ ನಡುವೆ ಸ್ಪೇನಿನ ದೊಡ್ಡ ಹಡಗುಗಳು ಓಡಾಡುತ್ತಿದ್ದವು. ಚೀನದ ರೇಷ್ಮೆ ಅತ್ತ, ಅಮೆರಿಕದ ಬೆಳ್ಳಿ ಇತ್ತ. ಹಾಯಿ ಏರಿಸಿದವರು ಬಹುಮಂದಿ ಫಿಲಿಪಿನೊ ನಾವಿಕರು. ಕಷ್ಟ ತಾಳಲಾರದೆ ಅನೇಕರು ಅಕಪುಲ್ಕೊದಲ್ಲಿ ಹಡಗಿನಿಂದಿಳಿದು ತಲೆಮರೆಸಿಕೊಂಡರು. ಕೊಲಿಮಾ ಎಂಬ ಕರಾವಳಿ ಸೀಮೆಯಲ್ಲಿ ತೆಂಗಿನ ಮರಗಳನ್ನು ಕಂಡು, ತಮಗೆ ಗೊತ್ತಿದ್ದ ಕೆಲಸವನ್ನೇ ಮಾಡಿದರು: ಮರ ಹತ್ತಿ ಕಳ್ಳು ಇಳಿಸಿದರು. 1619ರಲ್ಲಿ ಸೆಬಾಸ್ತಿಯಾನ್ ದೆ ಪಿನೆದಾ ಎಂಬ ಅಧಿಕಾರಿ ದೊರೆಗೆ ದೂರು ಬರೆದ. ಈ ಜನರನ್ನು ಹಿಂದಕ್ಕೆ ಕಳಿಸದಿದ್ದರೆ ಸ್ಪೇನಿನ ದ್ರಾಕ್ಷಾಮದ್ಯವನ್ನು ಕೊಳ್ಳುವವರೇ ಇಲ್ಲವಾಗುತ್ತಾರೆಂಬುದು ಅವನ ಆತಂಕ. ದೂರು ಬರೆದವನೂ ದೊರೆಯೂ ಹೋದರು. ಕೊಲಿಮಾದ ಬೀದಿಗಳಲ್ಲಿ ಈಗಲೂ ತೆಂಗಿನ ಸಿಹಿರಸವನ್ನು ಮಾರುತ್ತಾರೆ. ಅದಕ್ಕೆ ಅಲ್ಲಿನವರು ಹೇಳುವ ಹೆಸರು ತುಬಾ. ಶುದ್ಧ ಫಿಲಿಪಿನೊ ಮಾತು. ಅದೋಬೊದಲ್ಲಿ ಕಳೆದುಕೊಂಡ ಹೆಸರಿನ ಸಾಲವನ್ನು ಆ ನಾವಿಕರು ಸಮುದ್ರದ ಆಚೆ ಹೀಗೆ ವಸೂಲು ಮಾಡಿದರೆನ್ನಬಹುದು.

ಒಲೆಯ ಮೇಲೆ

ಇಷ್ಟು ಹೇಳಿ ಮಾಡುವ ಕ್ರಮ ಹೇಳದಿದ್ದರೆ ತಿನ್ನುವವರು ನನ್ನನ್ನು ಕ್ಷಮಿಸಲಾರರು. ಒಂದು ಕಿಲೋ ಹಂದಿಮಾಂಸ, ಹೊಟ್ಟೆಯ ಭಾಗದ್ದು, ತೊಗಲೂ ಕೊಬ್ಬೂ ಇರುವಂಥದು; ಒಂದೂವರೆ ಅಂಗುಲದ ತುಂಡುಗಳು. ಜಜ್ಜಿದ ಬೆಳ್ಳುಳ್ಳಿ ಒಂದು ಇಡೀ ಗಡ್ಡೆ, ಕಾಳುಮೆಣಸು ಒಂದು ಟೀ ಚಮಚ, ಲಾರೆಲ್ ಎಲೆ ಮೂರು, ವಿನೆಗರ್ ಅರ್ಧ ಬಟ್ಟಲು, ಸೋಯಾ ಸಾಸ್ ಅರ್ಧ ಬಟ್ಟಲಿಗೆ ಸ್ವಲ್ಪ ಕಡಿಮೆ, ನೀರು ಒಂದೂವರೆ ಬಟ್ಟಲು. ಇಲ್ಲಿ ಐಎನ್‌ಎ ಮಾರುಕಟ್ಟೆಯಲ್ಲಿ ಎಲ್ಲವೂ ಸಿಗುತ್ತದೆ. ನಮ್ಮ ಪಲಾವಿನ ಎಲೆ ಲಾರೆಲ್ ಅಲ್ಲ. ಎರಡೂ ಒಂದೇ ಸಸ್ಯಕುಟುಂಬದವಾದರೂ ವಾಸನೆ ಬೇರೆ. ಕಾಳುಮೆಣಸು ಮಾತ್ರ ನಮ್ಮದೇ: ಆ ಬಳ್ಳಿಯ ಹುಟ್ಟೂರು ಪಶ್ಚಿಮ ಘಟ್ಟ.

ಎಲ್ಲವನ್ನೂ ಪಾತ್ರೆಗೆ ಹಾಕಿ ಒಲೆಯ ಮೇಲಿಡಬೇಕು. ವಿನೆಗರ್ ಹಾಕಿದ ಮೇಲೆ ಕುದಿ ಬರುವವರೆಗೆ ಸೌಟು ಆಡಿಸಬಾರದು, ಮುಚ್ಚಳ ಮುಚ್ಚಬಾರದು ಎಂಬುದು ಅಲ್ಲಿನ ಅಜ್ಜಿಯರ ಕಟ್ಟಳೆ. ಇಲ್ಲದಿದ್ದರೆ ಹಸಿಹುಳಿಯ ಘಾಟು ಉಳಿಯುತ್ತದಂತೆ. ಮುಚ್ಚಳ ತೆರೆದಿಟ್ಟರೆ ಘಾಟು ಆವಿಯೊಡನೆ ಹೋಗುವುದು ನಿಜ. ಸೌಟಿನ ಕಟ್ಟಳೆಯನ್ನು ಅಜ್ಜಿಯರ ಗೌರವಾರ್ಥ ಪಾಲಿಸಬಹುದು. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಮುಚ್ಚಿ ಒಂದು ಒಂದೂಕಾಲು ಗಂಟೆ ಬೇಯಿಸಬೇಕು. ತೊಗಲಿನ ಗಟ್ಟಿ ನಾರು ಕರಗಿ ಜಿಲೆಟಿನ್ ಆಗಿ ರಸ ಮಂದವಾಗುತ್ತದೆ. ಹುಳಿ ಈ ಕೆಲಸಕ್ಕೆ ನೆರವಾಗುತ್ತದೆ. ಕೊನೆಗೆ ಮುಚ್ಚಳ ತೆಗೆದು ನೀರು ಇಂಗಿಸಿದರೆ ಕೊಬ್ಬು ಮೇಲೆ ತೇಲುತ್ತದೆ, ತುಂಡುಗಳು ತಮ್ಮ ಕೊಬ್ಬಿನಲ್ಲೇ ಹುರಿದುಕೊಳ್ಳುತ್ತವೆ. ಮಾಡಿದ ದಿನಕ್ಕಿಂತ ಮರುದಿನ ರುಚಿ.

ಅಲ್ಲಿನವರು ಹಿಂದೆ ಇದಕ್ಕೆ ಬಳಸುತ್ತಿದ್ದುದು ಪಲಯೊಕ್ ಎಂಬ ಮಣ್ಣಿನ ಗಡಿಗೆ. ಮಣ್ಣಿಗೂ ಆಮ್ಲಕ್ಕೂ ಜಗಳವಿಲ್ಲ. ತಾಮ್ರ, ಹಿತ್ತಾಳೆ, ಕಬ್ಬಿಣಗಳಿಗೆ ಉಂಟು. ನಮ್ಮ ಹಿರಿಯರು ಹುಳಿ ಮಾಡುವ ಹಿತ್ತಾಳೆ ಪಾತ್ರೆಗೆ ತಪ್ಪದೆ ಕಲಾಯಿ ಹಾಕಿಸುತ್ತಿದ್ದುದು, ಮಲೆನಾಡಿನಲ್ಲಿ ಕಲ್ಲುಮರಿಗೆಯಲ್ಲಿ ಹುಳಿ ಇಡುತ್ತಿದ್ದುದು ಇದೇ ರಸಾಯನಶಾಸ್ತ್ರ. ಬಿಸಿಲ ದೇಶದಲ್ಲಿ ಶೀತಕಪೆಟ್ಟಿಗೆ ಇಲ್ಲದ ಕಾಲಕ್ಕೆ ಒಂದು ಹಂದಿ ಕೊಂದರೆ ಒಂದೇ ಊಟಕ್ಕೆ ಮುಗಿಯದು. ಆಮ್ಲ ಮತ್ತು ಉಪ್ಪಿನಲ್ಲಿ ಕೊಳೆಸುವ ಜೀವಾಣುಗಳು ಬೆಳೆಯಲಾರವು. ಆರಿದ ಮೇಲೆ ಗಟ್ಟಿಯಾದ ಕೊಬ್ಬು ಮೇಲೆ ಪದರಗಟ್ಟಿ ಗಾಳಿ ತಡೆಯುತ್ತದೆ. ಅದೋಬೊ ಹುಟ್ಟಿದ್ದು ನಾಲಿಗೆಯ ಚಪಲಕ್ಕಲ್ಲ, ಉಳಿಸಿ ಉಣ್ಣುವ ಅಗತ್ಯಕ್ಕೆ. ಅಗತ್ಯ ಇದ್ದಲ್ಲಿ ವಿದ್ಯೆ ತಾನೇ ಹುಟ್ಟುತ್ತದೆ. ಕಲಿಸಲು ಸ್ಪೇನಿನಿಂದ ಗುರು ಬರಬೇಕಾಗಿಲ್ಲ.

ನಮ್ಮ ಎರಡು ಸಾಕ್ಷಿಗಳು

ಈ ಮಾತಿಗೆ ಕರ್ನಾಟಕದಲ್ಲೇ ಸಾಕ್ಷಿ ಇದೆ. ಕೊಡವರ ಪಂದಿಕರಿಯನ್ನು ನೋಡಿ. ಅಲ್ಲಿಯೂ ಕೊಬ್ಬಿರುವ ಹಂದಿಮಾಂಸ, ಕಾಳುಮೆಣಸು. ವಿನೆಗರಿನ ಬದಲು ಕಾಚಂಪುಳಿ. ಮಲೆನಾಡಿನವರು ಉಪ್ಪಾಗೆ ಎನ್ನುವ ಹಣ್ಣಿನ ರಸವನ್ನು ಡಾಂಬರಿನಂತೆ ಕಪ್ಪಾಗುವವರೆಗೆ ಕುದಿಸಿ ಇಳಿಸಿದ್ದು ಅದು. ಹೆಸರುಗಳೆರಡೂ ಮನೆಯವೇ, ಸ್ಪ್ಯಾನಿಷರ ಪೋರ್ಚುಗೀಸರ ನೆರಳಿಲ್ಲ. ಘಟ್ಟದ ಕೆಳಗೆ ಬಂದರೆ ಮಂಗಳೂರಿನ ಕ್ರೈಸ್ತರ ದುಕ್ರಾಮಾಸ್. ಇನ್ನೂ ಉತ್ತರಕ್ಕೆ ಗೋವೆಯ ವಿಂದಾಲೂ. ಈ ಕೊನೆಯ ಹೆಸರು ಪೋರ್ಚುಗೀಸರದು: ಮದ್ಯ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿದ್ದೆಂದು ಅರ್ಥ. ಗೋವೆಯವರು ದ್ರಾಕ್ಷಾರಸದ ಬದಲು ತೆಂಗಿನ ಕಳ್ಳಿನ ವಿನೆಗರ್ ಹಾಕಿದರು, ಮೆಣಸಿನಕಾಯಿ ಅರೆದು ಸೇರಿಸಿದರು. ಹೆಸರಿನ ಅರ್ಥ ಮರೆತ ಮೇಲೆ ಅದರಲ್ಲಿ ಆಲೂ ಇದೆಯೆಂದು ತಿಳಿದು ಆಲೂಗಡ್ಡೆ ಹಾಕುವ ಹೋಟೆಲುಗಳೂ ಉಂಟು.

ಹಂದಿ ಮತ್ತು ಹುಳಿಯ ಜೋಡಿಯನ್ನು ಬೇರೆಬೇರೆ ಜನ ತಮ್ಮ ತಮ್ಮ ಬೆಟ್ಟದಲ್ಲಿ, ತಮ್ಮ ತಮ್ಮ ಕಡಲತೀರದಲ್ಲಿ ಸ್ವತಂತ್ರವಾಗಿ ಕಂಡುಕೊಳ್ಳಬಲ್ಲರು. ಒಂದು ಕಡೆ ಹೆಸರು ಉಳಿಯಿತು, ಇನ್ನೊಂದು ಕಡೆ ಹೋಯಿತು. ವ್ಯತ್ಯಾಸ ಅಡುಗೆಯದಲ್ಲ, ಆಳಿಕೆಯದು.

ಸರ್ಕಾರಿ ಪಾಕವಿಧಾನ

2021ರ ಜುಲೈ ತಿಂಗಳಲ್ಲಿ ಫಿಲಿಪೀನ್ಸಿನ ವ್ಯಾಪಾರ ಮತ್ತು ಕೈಗಾರಿಕಾ ಇಲಾಖೆಯ ಮಾನಕ ಬ್ಯೂರೊ, ಎಂದರೆ ನಮ್ಮ ಐಎಸ್ಐ ಗುರುತಿನವರಂಥ ಕಚೇರಿ, ಅದೋಬೊಗೆ ಒಂದು ಮಾನಕ ಪಾಕವನ್ನು ಗೊತ್ತುಮಾಡಲು ಸಮಿತಿ ಕೆಲಸ ಮಾಡುತ್ತಿದೆಯೆಂದು ಪ್ರಕಟಿಸಿತು. ಪರದೇಶಗಳಲ್ಲಿ ಬೇರೆ ಬೇರೆ ರೀತಿ ಮಾಡಿ ಗೊಂದಲವಾಗಿದೆ, ನಿಜವಾದ ಅದೋಬೊ ಯಾವುದೆಂದು ಹೇಳಲು ಒಂದು ಅಳತೆಗೋಲು ಬೇಕು ಎಂಬುದು ಉದ್ದೇಶ.

ದೇಶದೊಳಗೂ ಹೊರಗೂ ಫಿಲಿಪಿನೊ ಜನ ಕೂಗೆಬ್ಬಿಸಿದರು. ನಮ್ಮ ಮನೆಯ ಅದೋಬೊ ತಪ್ಪೆಂದು ಹೇಳಲು ಇಲಾಖೆ ಯಾರು? ಬಿಕೊಲ್ ಸೀಮೆಯವರು ತೆಂಗಿನ ಹಾಲು ಹಾಕುತ್ತಾರೆ. ಬತಂಗಾಸಿನವರು ಸೋಯಾ ಬಿಟ್ಟು ಅರಿಶಿನ ಹಾಕುತ್ತಾರೆ. ಕೆಲವರು ಸಕ್ಕರೆ ಉದುರಿಸುತ್ತಾರೆ, ಕೆಲವರಿಗೆ ಸಕ್ಕರೆ ಎಂದರೆ ಮೈಯೆಲ್ಲ ಉರಿ. ಇದರಲ್ಲಿ ಯಾವುದನ್ನು ಹೊಡೆದುಹಾಕುತ್ತೀರಿ? ಕೊನೆಗೆ ಇಲಾಖೆ ಸಮಜಾಯಿಷಿ ಕೊಟ್ಟಿತು: ಇದು ಕಡ್ಡಾಯವಲ್ಲ, ಮನೆಯ ಅಡುಗೆಗೆ ಅನ್ವಯಿಸುವುದಿಲ್ಲ, ಹೊರದೇಶದ ಪ್ರಚಾರಕ್ಕೆ ಒಂದು ಮೂಲ ಮಾದರಿ ಮಾತ್ರ.

ಫೈಲುಗಳ ನಡುವೆ ಬಾಳುವ ನನಗೆ ಆ ಸಮಿತಿಯವರ ಬಗೆಗೆ ಸಹಾನುಭೂತಿಯೇ ಇದೆ. ಅವರ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ. ಆದರೆ ನಾಲ್ಕು ಶತಮಾನಗಳ ಹಿಂದೆ ಒಬ್ಬ ಪಾದ್ರಿ ಹೊರಗೆ ನಿಂತು ಹೆಸರಿಟ್ಟಿದ್ದ. ಈಗ ತಮ್ಮವರೇ ಆದರೂ ಮೇಜಿನ ಆಚೆ ಕುಳಿತು ಅಳತೆ ಹೇಳಹೊರಟದ್ದನ್ನು ಜನ ಸಹಿಸಲಿಲ್ಲ. ಫಿಲಿಪೀನ್ಸಿನ ಆಹಾರ ಚರಿತ್ರೆಗೆ ಅಡಿಪಾಯ ಹಾಕಿದ ವಿದುಷಿ ಡೊರೀನ್ ಫರ್ನಾಂಡೆಸ್ (1934–2002) ತಮ್ಮ ಬರಹಗಳಲ್ಲಿ ತೋರಿಸಿಕೊಟ್ಟದ್ದೂ ಇದನ್ನೇ: ಹೊರಗಿನಿಂದ ಬಂದ ಪದಾರ್ಥಗಳನ್ನು ಆ ಜನ ತಮ್ಮ ಮಣ್ಣಿನ ಸಾಮಾನು, ತಮ್ಮ ನಾಲಿಗೆಯ ರುಚಿಗೆ ಒಗ್ಗಿಸಿಕೊಂಡು ತಮ್ಮದಾಗಿಸಿಕೊಂಡರು. ಆ ಒಗ್ಗಿಸುವ ಕೆಲಸ ನಡೆದದ್ದು ಮನೆಯ ಒಲೆಯ ಮುಂದೆ.

ಹುಳಿಯೋ ಸಾಂಬಾರೋ

1906ರ ಡಿಸೆಂಬರಿನಲ್ಲಿ 15 ಮಂದಿ ಫಿಲಿಪಿನೊ ಕೂಲಿಗಳು ಹವಾಯಿಯ ಕಬ್ಬಿನ ತೋಟಗಳಿಗೆ ಬಂದಿಳಿದರು. ಅವರ ಹಿಂದೆ ಸಾವಿರಾರು ಜನ ಅಮೆರಿಕಕ್ಕೆ, ಆಮೇಲೆ ಕೊಲ್ಲಿ ದೇಶಗಳಿಗೆ, ಹಡಗುಗಳಿಗೆ, ಆಸ್ಪತ್ರೆಗಳಿಗೆ ಹೋದರು. ಅವರು ಸೇರಿದ ಊರುಗಳಲ್ಲಿ ನೀಪಾ ತಾಳೆ ಇರಲಿಲ್ಲ. ಸಿಕ್ಕ ವಿನೆಗರ್ ಹಾಕಿದರು. ಹಂದಿ ಸಿಗದ ದೇಶದಲ್ಲಿ ಕೋಳಿ ಹಾಕಿದರು. ಮಕ್ಕಳು ಅದನ್ನೇ ಉಂಡು ಅದೋಬೊ ಎಂದರು. ಪಾದ್ರಿ ಅಂಟಿಸಿದ ಚೀಟಿ ಕಾಲಾಂತರದಲ್ಲಿ ತಾಯಿಯ ಮಾತಾಯಿತು. ಇಂದು ಆ ಹೆಸರನ್ನು ಸ್ಪೇನಿನವರಿಗೆ ಹಿಂದಿರುಗಿಸಬೇಕೆಂದು ಯಾವ ಫಿಲಿಪಿನೊ ಗೃಹಿಣಿಯೂ ಹೇಳಲಾರಳು.

ಇನ್ನು ನಮ್ಮ ಮನೆಗಳಿಗೆ ಬರೋಣ. ಮೈಸೂರಿನ ಕಡೆ ಹುಳಿ, ತುಳುನಾಡಿನಲ್ಲಿ ಕೊದ್ದೆಲ್, ಹವ್ಯಕರಲ್ಲಿ ಕೊದಿಲು, ಬೆಳಗಾವಿಯ ಕಡೆ ಆಮಟಿ. ಒಂದೊಂದರ ಹುರಿಯುವ ಸಾಮಾನು ಬೇರೆ, ಹುಳಿಯ ಹದ ಬೇರೆ. ದೆಹಲಿ ಮುಂಬಯಿಗಳಲ್ಲಿ ಬೆಳೆಯುವ ನಮ್ಮ ಮಕ್ಕಳ ಬಾಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು, ಸಾಂಬಾರ್. ಯಾವ ದೊರೆಯೂ ಇದನ್ನು ಹೇರಲಿಲ್ಲ. ನೆರೆಯವರಿಗೆ ಅರ್ಥವಾಗಲೆಂದು ನಾವೇ ಆ ಮಾತು ಆಡಿದೆವು. ಅದನ್ನು ಊರೂರಿಗೆ ಹಬ್ಬಿಸಿದವರಲ್ಲಿ ನಮ್ಮ ಉಡುಪಿ ಹೋಟೆಲಿನವರೇ ಮುಂದು. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಪಾತ್ರೆಯಲ್ಲಿರುವುದು ಇನ್ನೂ ಅಜ್ಜಿಯ ಹುಳಿಯೇ ಆಗಿದ್ದರೆ ಹೆಸರು ಬದಲಾದದ್ದರಿಂದ ಆಕಾಶ ಕಳಚಿ ಬೀಳದು. ಅದೋಬೊ ಹೇಳುವ ಸಮಾಧಾನ ಇದು.

ಆದರೆ ಅದು ಹೇಳುವ ಇನ್ನೊಂದು ಮಾತೂ ಇದೆ. ಹೋದ ಹೆಸರು ಮತ್ತೆ ಬರುವುದಿಲ್ಲ. ಆ ಪಾದ್ರಿ ಕಿಲವಿನ್ ಎಂಬ ಒಂದು ಪದವನ್ನಾದರೂ ಬರೆದಿಟ್ಟದ್ದರಿಂದ ಇಷ್ಟು ತಿಳಿಯಿತು. ಬರೆಯದೆ ಹೋದ ಪದಗಳೆಷ್ಟೋ. ಬೋಳುಹುಳಿ, ಮೇಲೋಗರ, ತಂಬುಳಿ, ಮೆಣಸ್ಕಾಯಿ, ಮಸ್ಸೊಪ್ಪು, ಬಸ್ಸಾರು, ಪಳದ್ಯ ಎಂದರೆ ಏನೆಂದು ನಿಮ್ಮ ಮನೆಯ ಮಕ್ಕಳನ್ನು ಕೇಳಿನೋಡಿ. ಉತ್ತರ ಬಾರದಿದ್ದರೆ ಸಿಟ್ಟಾಗಬೇಡಿ. ಮುಂದಿನ ಭಾನುವಾರ ಒಂದನ್ನು ಮಾಡಿ ಬಡಿಸಿ, ಬಡಿಸುವಾಗ ಅದರ ಹೆಸರು ಹೇಳಿ. ಹಾಗೆಯೇ ನಿಮ್ಮ ಊರಿನ ಅಡುಗೆಗಳ ಹೆಸರು, ಮಾಡುವ ಕ್ರಮ, ಯಾವ ಪಾತ್ರೆ, ಯಾವ ಹಬ್ಬ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನಮ್ಮ ಸಂಘದ ವಾಚನಾಲಯಕ್ಕೆ ಕೊಟ್ಟರೆ ಒಂದು ಕಡತದಲ್ಲಿ ಸೇರಿಸಿಡಬಹುದು. ಪಂದಿಕರಿಯಿಂದ ಹಿಡಿದು ತಂಬುಳಿಯವರೆಗೆ ಎಲ್ಲಕ್ಕೂ ಅದರಲ್ಲಿ ಸ್ಥಳವಿರಲಿ. ಯಾರ ಮನೆಯ ಅಳತೆಯನ್ನೂ ತಿದ್ದುವುದು ಬೇಡ.